ಕಯಾಕ್ ಮಗುಚಿದರೆ ಒಳಗೇ ಸಿಕ್ಕಿಕೊಳ್ಳುತ್ತೇವಾ?

ಪ್ರಶ್ನೆ: ಗೆಳೆಯರು ಐದು ಜನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಕಯಾಕ್‌ನಲ್ಲಿ ಹೋಗಿಬರಬೇಕೆಂದಿದ್ದೇವೆ. ಅಲೆಗೆ ಮಗುಚಿದರೆ ತಲೆಕೆಳಗಾಗಿ ಅದರೊಳಗೇ ಸಿಕ್ಕಿಕೊಳ್ಳುವುದಿಲ್ಲವೇ?

ಇಲ್ಲ. ಮಳೆಗಾಲ ಕಳೆದು ಕಡಲು ತಣ್ಣಗಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಪ್ರತಿ ವರ್ಷವೂ ಉತ್ತರ ಇದೇ.

ಮೊದಲನೆಯದಾಗಿ, ನಮ್ಮ ಕರಾವಳಿಯಲ್ಲಿ ಬಾಡಿಗೆಗೆ ಸಿಗುವ ಹೆಚ್ಚಿನ ಕಯಾಕ್‌ಗಳಿಗೆ ‘ಒಳಗೆ’ ಎಂಬುದೇ ಇಲ್ಲ. ಅವು ಮೇಲೆ ಕೂರುವ ಪ್ಲಾಸ್ಟಿಕ್ ದೋಣಿಗಳು. ಮಣೆಯ ಮೇಲೆ ಕೂತಂತೆ ಕೂರುತ್ತೀರಿ, ಕಾಲು ಎದುರಿಗೇ ಕಾಣುತ್ತಿರುತ್ತದೆ. ಮಣೆಯಿಂದ ಬಿದ್ದವನು ಮಣೆಯೊಳಗೆ ಸಿಕ್ಕಿಕೊಂಡ ಎಂದು ಎಲ್ಲಾದರೂ ಕೇಳಿದ್ದೀರಾ? ದೋಣಿ ಮಗುಚುವ ಮೊದಲೇ ನೀವು ನೀರಿನಲ್ಲಿರುತ್ತೀರಿ.

ಎರಡನೆಯದು, ಒಳಗೆ ಕೂರುವ ಉದ್ದನೆಯ ಸೀ ಕಯಾಕ್. ವಿಡಿಯೊಗಳಲ್ಲಿ ತಲೆಕೆಳಗಾದವನು ಹುಟ್ಟು ಬೀಸಿ ಪಲ್ಟಿ ಹೊಡೆದು ಮೇಲೇಳುವುದನ್ನು ನೋಡಿ, ಆ ವಿದ್ಯೆ ಬಾರದಿದ್ದರೆ ಕತೆ ಮುಗಿಯಿತು ಎಂದುಕೊಳ್ಳುತ್ತಾರೆ. ಆತ ಹಾಗೆ ಮಾಡುವುದು ಹೊರಬರಲು ಆಗದೆ ಅಲ್ಲ, ಹೊರಬಂದು ಮತ್ತೆ ಹತ್ತುವ ರಗಳೆ ಬೇಡವೆಂದು. ಸೊಂಟದ ಸುತ್ತ ಸ್ಪ್ರೇ ಸ್ಕರ್ಟ್ ಇದ್ದರೂ ಅದು ನೀರು ಒಳನುಗ್ಗದಂತೆ ಕೂರುವ ಬಾಯಿಯ ಅಂಚಿಗೆ ಸಿಕ್ಕಿಸಿದ ಬಟ್ಟೆ ಅಷ್ಟೇ. ಮಗುಚಿದಾಗ ಮುಂದಕ್ಕೆ ಬಾಗಿ, ಹಣೆ ದೋಣಿಯತ್ತ ಇರಲಿ. ಎದುರಿನ ಅಂಚಿನಲ್ಲಿರುವ ಸ್ಕರ್ಟ್‌ನ ಕುಣಿಕೆಯನ್ನು ಮೊದಲು ಮುಂದಕ್ಕೆ, ಆಮೇಲೆ ದೋಣಿಯಿಂದ ಆಚೆಗೆ ಎಳೆಯಿರಿ. ಎರಡೂ ಕೈಯನ್ನು ಸೊಂಟದ ಪಕ್ಕದ ಅಂಚಿಗೆ ಒತ್ತಿ ಪ್ಯಾಂಟ್ ಕಳಚುವ ಹಾಗೆ ದೋಣಿಯನ್ನು ಕಾಲಿನಿಂದ ಕಳಚಿ. ನಿಧಾನಕ್ಕೆ ಮಾಡಿದರೂ ಕೆಲವೇ ಸೆಕೆಂಡಿನ ಕೆಲಸ.

ತಪ್ಪಾಗುವುದು ಎರಡೇ ಕಡೆ. ಹೊರಡುವಾಗ ಅವಸರದಲ್ಲಿ ಆ ಕುಣಿಕೆ ಸ್ಕರ್ಟ್‌ನ ಅಡಿಗೆ ಸೇರಿಕೊಂಡಿರುತ್ತದೆ. ಹೊರಡುವ ಮುನ್ನ ಮುಟ್ಟಿ ನೋಡಿ. ಇಲ್ಲವೇ ಹೆದರಿ ಹಿಂದಕ್ಕೆ ಸೆಟೆಯುತ್ತಾರೆ, ತೊಡೆ ದೋಣಿಯ ಮೇಲ್ಹೊದಿಕೆಗೆ ಒತ್ತಿಕೊಳ್ಳುತ್ತದೆ. ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಂಡು ಮೂರು ಸಲ ಬೇಕೆಂದೇ ಮಗುಚಿ ನೋಡಿ. ಮೊದಲ ಸಲ ಮೂಗಿಗೆ ನೀರು ಹೋಗುತ್ತದೆ. ಮೂರನೇ ಸಲ ಬೇಜಾರಾಗುತ್ತದೆ.

ನಿಜಕ್ಕೂ ಸಿಕ್ಕಿಕೊಳ್ಳುವವರು ಒಬ್ಬರಿದ್ದಾರೆ: ಬೀಳಬಾರದೆಂದು ತಮ್ಮನ್ನು ತಾವೇ ಹಗ್ಗದಿಂದ ದೋಣಿಗೆ ಕಟ್ಟಿಕೊಂಡವರು. ದಯವಿಟ್ಟು ಬೇಡ.

ಹೆದರಬೇಕಾದದ್ದು ದೋಣಿ ಕೈಬಿಟ್ಟು ಹೋಗುವುದಕ್ಕೆ. ಖಾಲಿ ಕಯಾಕ್‌ಗೆ ಗಾಳಿ ಹಿಡಿದರೆ ನೀವು ಈಜುವುದಕ್ಕಿಂತ ಬೇಗ ಅದು ಸಾಗುತ್ತದೆ. ಬಿದ್ದ ತಕ್ಷಣ ಒಂದು ಕೈ ದೋಣಿಗೆ, ಇನ್ನೊಂದು ಹುಟ್ಟಿಗೆ. ಮೇಲೆ ಕೂರುವ ಕಯಾಕ್ ಆದರೆ ಅಡಿಯ ಮೇಲಿಂದ ಕೈಚಾಚಿ ಆಚೆ ಬದಿಯ ಹಿಡಿಕೆ ಹಿಡಿದು, ಮೊಣಕಾಲೂರಿ ಎಳೆದು ನೆಟ್ಟಗೆ ಮಾಡಿ. ನಂತರ ನಡುಭಾಗದ ಪಕ್ಕಕ್ಕೆ ಬಂದು, ಮೈ ಅಡ್ಡಡ್ಡ ತೇಲುವವರೆಗೆ ಕಾಲು ಬಡಿದು, ಸೀಟಿನ ಮೇಲೆ ಹೊಟ್ಟೆ ಹಾಕಿ. ಆಮೇಲೆ ಮಗ್ಗುಲಾಗಿ ಕುಂಡೆ ಊರಿ, ಕೊನೆಗೆ ಕಾಲು ಒಳಗೆಳೆಯಿರಿ. ನೇರ ಎದ್ದು ಹತ್ತಲು ಹೋದವರ ಮೇಲೆ ದೋಣಿ ಮತ್ತೆ ಮಗುಚುತ್ತದೆ. ಗೆಳೆಯರಿದ್ದೀರಲ್ಲ, ಒಬ್ಬರು ಪಕ್ಕಕ್ಕೆ ಬಂದು ಎರಡೂ ದೋಣಿಯನ್ನು ಒತ್ತಿ ಹಿಡಿದರೆ ಕೆಲಸ ಅರ್ಧ ಇಳಿಯುತ್ತದೆ. ಲೈಫ್ ಜಾಕೆಟ್‌ನ ಭುಜವನ್ನು ಯಾರಾದರೂ ಮೇಲೆತ್ತಿ ನೋಡಲಿ. ಕಿವಿಯವರೆಗೆ ಬಂದರೆ ಪಟ್ಟಿ ಸಡಿಲ.

ಹಿಂಬದಿಯ ಬಿರಡೆಯನ್ನೂ ನೋಡಿ. ಹಿಂದಿನ ದಿನ ನೀರು ಬಸಿಯಲು ತೆಗೆದವರು ಹಾಕಲು ಮರೆತಿದ್ದರೆ ಪೊಳ್ಳಿನೊಳಗೆ ನೀರು ಸೇರುತ್ತಾ ಹೋಗುತ್ತದೆ. ಹಿಂಭಾಗ ತಗ್ಗಿ, ಸಣ್ಣ ಅಲೆಗೂ ದೋಣಿ ಓಲಾಡಲು ಶುರುವಾದರೆ ಕಾರಣ ಅದೇ.

ದ್ವೀಪದ ಪಡುವಣ ಬದಿಗೆ ಮಾತ್ರ ಮೈಮರೆತು ಹೋಗಬೇಡಿ. ಸುಮಾರು 8.8 ಕೋಟಿ ವರ್ಷ ಹಿಂದಿನ ಆ ಲಾವಾ ಕಂಬಗಳು ಮೆಟ್ಟಿಲು ಮೆಟ್ಟಿಲಾಗಿ ನೀರಿಗಿಳಿಯುತ್ತವೆ. ಮರಳದಂಡೆಯಲ್ಲಾದರೆ ಅಲೆ ಸಾಯುತ್ತದೆ. ಇಲ್ಲಿ ಕಲ್ಲಿಗೆ ಬಡಿದು ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಸೇರಿದಲ್ಲಿ ನೀರು ಗೊತ್ತುಗುರಿಯಿಲ್ಲದೆ ಕುಪ್ಪಳಿಸುತ್ತದೆ. ಆ ಕುಣಿತ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಹೊರಗೇ ಇರಿ. ಕಂಬಗಳಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಅಂಗಾಲು ಸೀಳುತ್ತವೆ, ಚಪ್ಪಲಿ ಸಾಲದು, ಹಿಮ್ಮಡಿ ಮುಚ್ಚುವ ಶೂ ಬೇಕು.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಗಾಳಿಯದು. ಚಳಿಗಾಲದ ಬೆಳಿಗ್ಗೆ ನೆಲದಿಂದ ಕಡಲಿಗೆ ಮೂಡುಗಾಳಿ. ದಡದಲ್ಲಿ ನಿಂತರೆ ನೀರು ಕನ್ನಡಿ, ಏಕೆಂದರೆ ಅಲೆ ಎಬ್ಬಿಸಲು ಗಾಳಿಗೆ ಅಲ್ಲಿ ಜಾಗವಿಲ್ಲ. ಎರಡು ಕಿಲೋಮೀಟರ್ ಆಚೆ ಕತೆ ಬೇರೆ, ಮೇಲಾಗಿ ಅದು ನಿಮ್ಮನ್ನು ಹೊರಕ್ಕೇ ತಳ್ಳುತ್ತಿರುತ್ತದೆ. ಆರು ಕಿಲೋಮೀಟರ್‌ಗೆ ಹೊಸಬರಿಗೆ ಒಂದೂವರೆ ಗಂಟೆ ಹಿಡಿಯಿರಿ. ಎಲ್ಲರಿಗಿಂತ ನಿಧಾನದವರು ಮುಂದಿರಲಿ. ಹೊರಡುವುದನ್ನೂ ಮರಳುವ ಸಮಯವನ್ನೂ ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ಕೋಸ್ಟ್ ಗಾರ್ಡ್ ಸಂಖ್ಯೆ 1554.

ಮಧ್ಯಾಹ್ನ ಗಾಳಿ ತಿರುಗಿ ಪಡುವಣದಿಂದ ಬೀಸುತ್ತದೆ. ಮರಳುವಾಗ ಬೆನ್ನಿಗೆ ಗಾಳಿ, ಸುಲಭ ಎನಿಸುತ್ತದೆ. ಆದರೆ ಹಿಂದಿನಿಂದ ಬಂದ ಅಲೆ ದೋಣಿಯ ಬಾಲ ಎತ್ತಿ ಮೂತಿಯನ್ನು ಪಕ್ಕಕ್ಕೆ ತಿರುಗಿಸುತ್ತದೆ, ಹೊಸಬರು ಮಗುಚುವುದು ಆಗಲೇ. ಬಾಲ ಎದ್ದಾಗ ಜೋರು ಹಾಕಬೇಡಿ, ಅಲೆ ಅಡಿಯಿಂದ ದಾಟಿಹೋಗಲಿ. ಆಗಲೂ ಅಡ್ಡ ತಿರುಗಿಬಿಟ್ಟರೆ ಅಲೆಯ ಕಡೆಗೇ ವಾಲಿ, ಆ ಬದಿಯ ನೀರಿಗೆ ಹುಟ್ಟನ್ನು ಚಪ್ಪಟೆಯಾಗಿ ಒತ್ತಿ ಹಿಡಿಯಿರಿ.