"25 ದಾಟ್ತು, ಇನ್ನು ನಾನು ಬದಲಾಗೋದು ಡೌಟಾ?" ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ನಂಗೀಗ 26. ನಾನು ಯಾರು, ನಂಗೇನು ಬೇಕು ಅನ್ನೋದೇ ಇನ್ನೂ ಕ್ಲಿಯರ್ ಇಲ್ಲ. 25ಕ್ಕೆ ಬ್ರೈನ್ ಪೂರ್ತಿ ಬೆಳೆದು ಮುಗಿಯುತ್ತಂತೆ, ಆಮೇಲೆ ಸ್ವಭಾವ ಬದಲಾಗಲ್ವಂತೆ. ನಾನು ಲೇಟಾದ್ನಾ?

ಇಲ್ಲ, ಲೇಟಾಗಿಲ್ಲ. ಇಷ್ಟು ಹೇಳಿ ಎದ್ದು ಹೋಗ್ಬೋದಿತ್ತು. ಆದ್ರೆ ಇದೇ ಪ್ರಶ್ನೆ ವಯಸ್ಸು ಮಾತ್ರ ಬದಲಾಯಿಸ್ಕೊಂಡು ಬರ್ತಾನೇ ಇರುತ್ತೆ, ಒಬ್ರು 24 ಅಂತಾರೆ, ಇನ್ನೊಬ್ರು 31 ಅಂತಾರೆ, ಆ 25 ಮಾತ್ರ ಎಲ್ರ ಪ್ರಶ್ನೆಲೂ ಅಲ್ಲಾಡದೆ ಕೂತಿರುತ್ತೆ. ಹಾಗಾಗಿ ಮೊದ್ಲು ಅದರ ಕಥೆ ಮುಗಿಸೋಣ.

1999ರಲ್ಲಿ ಅಮೆರಿಕದ ಮೆದುಳು ಸಂಶೋಧಕ ಜೇ ಗೀಡ್ ಮತ್ತವರ ತಂಡ ಮಕ್ಕಳು, ಹದಿಹರೆಯದವರು ಅಂತ 145 ಜನರ ಮೆದುಳಿನ ಎಂಆರ್‌ಐ ಸ್ಕ್ಯಾನ್ ಮಾಡಿ ಒಂದು ವರದಿ ಕೊಟ್ರು. 2004ರಲ್ಲಿ ಅದೇ ಬಳಗದಿಂದ ಇನ್ನೊಂದು ಬಂತು, 13 ಮಕ್ಕಳನ್ನ ವರ್ಷಗಟ್ಟಲೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ್ದು. ಮುಂದಾಲೋಚನೆ, ಆತುರಕ್ಕೆ ಕಡಿವಾಣ ಇಂಥದ್ದೆಲ್ಲ ನೋಡ್ಕೊಳ್ಳೋ ಮೆದುಳಿನ ಮುಂಭಾಗ, ಅಂದ್ರೆ ಪ್ರೀಫ್ರಂಟಲ್ ಕಾರ್ಟೆಕ್ಸ್, ತಡವಾಗಿ ಪಕ್ವ ಆಗುತ್ತೆ ಅನ್ನೋದು ಅವುಗಳಿಂದ ಗೊತ್ತಾಯ್ತು. ಸರಿ, ಈಗ ಆ 13 ಮಕ್ಕಳ ಸ್ಟಡಿಲಿ ಅತಿ ದೊಡ್ಡೋರ ವಯಸ್ಸು ಎಷ್ಟು ಹೇಳಿ ನೋಡೋಣ. 21! ಮೊದಲನೇದ್ರಲ್ಲೂ 22ರ ಒಳಗೇ. ಇಪ್ಪತ್ತೈದು ವರ್ಷದೋರು ಅಲ್ಲಿ ಒಬ್ರೂ ಇಲ್ಲ. ಗ್ರಾಫ್ ಮುಗಿದಿದ್ದು ಸ್ಕ್ಯಾನ್ ಮಾಡಿಸ್ಕೊಂಡೋರ ವಯಸ್ಸು ಅಲ್ಲಿಗೆ ಮುಗೀತು ಅಂತ, ಮೆದುಳಿನ ಬೆಳವಣಿಗೆ ಮುಗೀತು ಅಂತಲ್ಲ ಮಾರಾಯ್ರೆ. "ಇಪ್ಪತ್ತರ ದಶಕದಲ್ಲೂ ಬೆಳೀತಾ ಇರುತ್ತೆ" ಅನ್ನೋ ಮಾತು ಬಾಯಿಂದ ಬಾಯಿಗೆ ಹೋಗಿ "25ಕ್ಕೆ ನಿಲ್ಲುತ್ತೆ" ಆಗೋಯ್ತು, ಆಮೇಲೆ ರೀಲ್ಸ್ ಮಾಡೋರ ಕೈಗೆ ಸಿಕ್ತು, ಮುಗೀತಲ್ಲ.

ನರತಂತುಗಳ ಮೇಲಿನ ಕವಚ ಇದ್ಯಲ್ಲ, ಮಯಲಿನ್, ಅದು ಮೆದುಳಿನ ಮುಂಭಾಗದಲ್ಲಿ ನಲವತ್ತರ ಆಸುಪಾಸಿನವರೆಗೂ ಹೆಚ್ತಾನೇ ಇರುತ್ತೆ. 2011ರ ಇನ್ನೊಂದು ಸ್ಟಡಿ ನಂಗೆ ತುಂಬಾ ಇಷ್ಟ. ಲಂಡನ್‌ನಲ್ಲಿ ಟ್ಯಾಕ್ಸಿ ಲೈಸೆನ್ಸ್ ಬೇಕು ಅಂದ್ರೆ ಸುಮಾರು 25,000 ಬೀದಿಗಳನ್ನ ತಲೇಲಿ ಇಟ್ಕೋಬೇಕು, ಅದಕ್ಕೇ ಮೂರ್ನಾಲ್ಕು ವರ್ಷ ಹಿಡಿಯುತ್ತೆ. ಆ ಪರೀಕ್ಷೆ ಪಾಸಾದವರಲ್ಲಿ ಹಿಪೋಕ್ಯಾಂಪಸ್‌ನ (ನೆನಪು, ದಾರಿ ಗುರುತು ನೋಡ್ಕೊಳ್ಳೋ ಮೆದುಳಿನ ಭಾಗ) ಹಿಂಭಾಗ ದೊಡ್ಡದಾಗಿತ್ತು, ಫೇಲಾದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಅವರೇನು ಚಿಕ್ಕ ಮಕ್ಕಳಾ? ಎಲ್ಲ ವಯಸ್ಕರೇ.

ಸ್ವಭಾವದ ವಿಷ್ಯಕ್ಕೆ ಬಂದ್ರೆ, 1890ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರು 30ರ ಹೊತ್ತಿಗೆ ಸ್ವಭಾವ ಪ್ಲಾಸ್ಟರ್ ಥರ ಗಟ್ಟಿಯಾಗಿಬಿಡುತ್ತೆ ಅಂದಿದ್ರು. (ಆಗ 30 ಇತ್ತು, ಈಗ 25ಕ್ಕೆ ಇಳಿಸಿದೀವಿ, ಪ್ರಗತಿ!) ಆದ್ರೆ 2006ರಲ್ಲಿ 92 ದೀರ್ಘಕಾಲದ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಕಂಡಿದ್ದೇ ಬೇರೆ: ಜವಾಬ್ದಾರಿ, ಮನಸ್ಸಿನ ಸ್ಥಿರತೆ ಇವೆಲ್ಲ ಜಾಸ್ತಿ ಬದಲಾಗೋದೇ 20ರಿಂದ 40ರ ನಡುವೆ. ಅಂದ್ರೆ ನೀವೀಗ ಅದರ ನಟ್ಟನಡುವೆ ಇದೀರ.

ಇನ್ನು "ನಾನು ಯಾರು ಅಂತ ಕ್ಲಿಯರ್ ಇಲ್ಲ" ಅಂದಿರಲ್ಲ. ಜೇಮ್ಸ್ ಮಾರ್ಸಿಯಾ ಅನ್ನೋ ಮನಶ್ಶಾಸ್ತ್ರಜ್ಞ 1966ರಲ್ಲೇ ಜನ ತಮ್ಮ ಗುರುತನ್ನ ಕಂಡ್ಕೊಳ್ಳೋ ವಿಷ್ಯದಲ್ಲಿ ನಾಲ್ಕು ಸ್ಥಿತಿ ಇದೆ ಅಂದಿದ್ರು. ನೀವಿರೋದು ಹುಡುಕ್ತಾ ಇದೀರಿ, ಇನ್ನೂ ಯಾವುದನ್ನೂ ಗಟ್ಟಿಯಾಗಿ ಹಿಡ್ಕೊಂಡಿಲ್ಲ ಅನ್ನೋ ಸ್ಥಿತಿಲಿ. ಹಿಂಸೆ ಆಗುತ್ತೆ ಒಪ್ತೀನಿ, ಆದ್ರೆ ಅದು ಕಾಯಿಲೆ ಅಲ್ಲ. ನಿಮ್ಮ ಕ್ಲಾಸ್‌ಮೇಟ್ 21ಕ್ಕೇ ಎಲ್ಲ ಡಿಸೈಡ್ ಮಾಡಿ ಆರಾಮಾಗಿರೋದು ನೋಡಿ ಹೊಟ್ಟೆ ಉರ್ಕೋಬೇಡಿ. ಅವರು ನಿಜಕ್ಕೂ ಹುಡುಕಿ ಆರಿಸ್ಕೊಂಡಿರಬಹುದು, ಮನೆಯವರು ಹೇಳಿದ್ದನ್ನ ಪ್ರಶ್ನೆನೇ ಕೇಳದೆ ಒಪ್ಕೊಂಡಿರಲೂಬಹುದು. ಮಾರ್ಸಿಯಾ ಇವೆರಡನ್ನೂ ಬೇರೆ ಬೇರೆ ಸ್ಥಿತಿ ಅಂತಲೇ ಇಟ್ಟಿದ್ದು, ಆದ್ರೆ ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ.

ಈಗ ಯಾರೂ ಕೇಳದೇ ಇರೋ ಪ್ರಶ್ನೆ, ಕೇಳಬೇಕಿತ್ತು ಆಕ್ಚುಲಿ. ನಾನು ಹೀಗೆ ಬದಲಾಗ್ತಾನೇ ಇದ್ರೆ, ಇವತ್ತು ತಗೊಂಡ ನಿರ್ಧಾರ ಹತ್ತು ವರ್ಷ ಆದ್ಮೇಲಿನ ನಂಗೆ ಇಷ್ಟ ಆಗುತ್ತಾ? 2013ರಲ್ಲಿ 19,000ಕ್ಕೂ ಹೆಚ್ಚು ಜನರನ್ನ ಇಟ್ಕೊಂಡು ಮಾಡಿದ ಅಧ್ಯಯನದಲ್ಲಿ, 18ರಿಂದ 68ರವರೆಗೆ ಎಲ್ಲ ವಯಸ್ಸಿನೋರೂ ಹೇಳಿದ್ದು ಒಂದೇ, ಕಳೆದ ಹತ್ತು ವರ್ಷದಲ್ಲಿ ತುಂಬಾ ಬದಲಾಗಿದೀನಿ, ಮುಂದಿನ ಹತ್ತರಲ್ಲಿ ಅಷ್ಟೇನೂ ಬದಲಾಗಲ್ಲ ಅಂತ. ಎಲ್ರೂ! ಅಂದ್ರೆ ಮುಂದಿನ ನಾವು ಹೇಗಿರ್ತೀವಿ ಅಂತ ಊಹಿಸೋದ್ರಲ್ಲಿ ನಾವೆಲ್ಲ ವೀಕು. ಅದಕ್ಕೇ ಕೋರ್ಸ್ ಸೇರೋಕೆ ಮುಂಚೆ, ಫೀಲ್ಡ್ ಬದಲಾಯಿಸೋಕೆ ಮುಂಚೆ, ರೂಮಲ್ಲಿ ಕೂತು "ನಂಗಿದು ಸೆಟ್ ಆಗುತ್ತಾ" ಅಂತ ತಿಂಗಳುಗಟ್ಟಲೆ ಯೋಚಿಸೋದಕ್ಕಿಂತ ಆಗ್ಲೇ ಅದರಲ್ಲಿ ಇರೋರನ್ನ ಹಿಡಿದು ಕೇಳಿ. ಸಲಹೆ ಕೇಳಬೇಡಿ, ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದ್ರಿ ಅಂತ ಕೇಳಿ.