ಡ್ಯೂಕನ ಹುಲ್ಲುಗಾವಲು, ಊರವರ ಕಾಲುದಾರಿ

ಮಲೆನಾಡಿನ ತೋಟದ ಬೇಲಿಗೆ ಉಣುಗೋಲು ಇರುತ್ತದಲ್ಲ, ಕರಾವಳಿಯವರು ತಡಮೆ ಅನ್ನುವುದು, ಅದಕ್ಕೆ ಇಂಗ್ಲೆಂಡಿನಲ್ಲಿ ಒಬ್ಬ ದಾಯಾದಿ ಇದ್ದಾನೆ. ಹೆಸರು ಕಿಸ್ಸಿಂಗ್ ಗೇಟ್. ಅರ್ಧಚಂದ್ರದಂಥ ಕಟಕಟೆ, ಅದರೊಳಗೆ ಅತ್ತಿತ್ತ ಆಡುವ ಒಂದು ಬಾಗಿಲು. ಮನುಷ್ಯ ಒಳಗೆ ನಿಂತು ಬಾಗಿಲನ್ನು ಹಿಂದಕ್ಕೆ ತಳ್ಳಿ ನುಸುಳಿಕೊಳ್ಳಬಹುದು, ದನಕ್ಕೆ ಆ ಉಪಾಯ ಹೊಳೆಯುವುದಿಲ್ಲ. ಬಾಗಿಲು ಎರಡೂ ಬದಿಗೆ ಮೆಲ್ಲಗೆ ತಾಗುತ್ತದೆ, ಚುಂಬಿಸಿದ ಹಾಗೆ, ಅದಕ್ಕೇ ಆ ಹೆಸರು. ಡರ್ಬಿಶೈರಿನ ಬ್ಯಾಸ್ಲೋ ಎಂಬ ಹಳ್ಳಿಯ ಕಡೆಯಿಂದ ಚಾಟ್ಸ್‌ವರ್ತ್ ಎಸ್ಟೇಟಿಗೆ ಹೋಗುವ ಕಾಲುದಾರಿಯಲ್ಲಿ ಇಂಥದೊಂದು ಗೇಟಿದೆ. ಗಾಲಿಕುರ್ಚಿಯೂ ದಾಟುವಷ್ಟು ದೊಡ್ಡದು, ಇಡಿಯ ಗೇಟೇ ಗುಂಡಗೆ ತಿರುಗುತ್ತದೆ.

ದಾಟಿದರೆ ಸುಮಾರು ಸಾವಿರ ಎಕರೆ ಹುಲ್ಲು. ನಡುವೆ ಡರ್ವೆಂಟ್ ನದಿ, ದಡದಲ್ಲಿ ಕುರಿ, ಆಚೆ ಜಿಂಕೆ, ಅರ್ಧ ಗಂಟೆ ನಡೆದರೆ ಡೆವನ್‌ಶೈರ್ ಡ್ಯೂಕರ ಅರಮನೆ. ಅರಮನೆಗೂ ಅದಕ್ಕಂಟಿದ ತೋಟಕ್ಕೂ ಟಿಕೆಟ್ ಉಂಟು, ಸುತ್ತಲಿನ ಪಾರ್ಕಿನಲ್ಲಿ ನಡೆಯುವುದಕ್ಕೆ ಕಾಸಿಲ್ಲ. ಆದರೆ ಹಾಗೆ ನಡೆಯುವವನು ತನ್ನ ಹಕ್ಕಿನಿಂದ ನಡೆಯುತ್ತಿದ್ದಾನೋ, ಡ್ಯೂಕನ ಕೃಪೆಯಿಂದಲೋ? ಇಂಗ್ಲೆಂಡಿನಲ್ಲಿ ಈ ಜಗಳಕ್ಕೆ ಇನ್ನೂರು ವರ್ಷ ದಾಟಿದೆ.

ಆ ಹುಲ್ಲಿನಲ್ಲೇ ಮೊದಲ ಸಾಕ್ಷಿ ಇದೆ. ಬೆಳಗ್ಗೆಯೋ ಸಂಜೆಯೋ ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ ನೆಲದ ಮೇಲೆ ಉದ್ದುದ್ದ ಏರುಗೆರೆಗಳು ಕಾಣುತ್ತವೆ, ಹಳೇ ಜಮಖಾನದ ಮಡಿಕೆಗಳ ಹಾಗೆ. ಮಧ್ಯಯುಗದ ರೈತರು ನೇಗಿಲು ಹೊಡೆದ ಗುರುತು ಅವು. ಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಒಂದೂ ಕಾಣುವುದಿಲ್ಲ. ‘ಸಹಜ ಪ್ರಕೃತಿ’ ಎಂದು ಪ್ರವಾಸಿಗರು ಫೋಟೋ ತೆಗೆದುಕೊಳ್ಳುವ ಈ ಜಾಗ ಒಂದು ಕಾಲಕ್ಕೆ ಹೊಲ.

ಈ ಡ್ಯೂಕರ ಪೂರ್ವಜ ವಿಲಿಯಂ ಕ್ಯಾವೆಂಡಿಷ್ ಮತ್ತು ಅವನ ಹೆಂಡತಿ ಬೆಸ್ ಈ ಜಮೀನು ಕೊಂಡದ್ದು 1549ರಲ್ಲಿ. ಈಗಿನ ಪಾರ್ಕಿನ ರೂಪ ಬಂದದ್ದು ಮಾತ್ರ ಇನ್ನೂರು ವರ್ಷ ಕಳೆದು, 1760ರ ಸುಮಾರಿಗೆ, ನಾಲ್ಕನೆಯ ಡ್ಯೂಕ್ ತೋಟ-ಪಾರ್ಕುಗಳ ವಿನ್ಯಾಸಗಾರ ಲ್ಯಾನ್ಸೆಲಾಟ್ ಬ್ರೌನ್‌ನನ್ನು ಕರೆಸಿದಾಗ. ಜನ ಅವನನ್ನು ‘ಕೇಪಬಿಲಿಟಿ’ ಬ್ರೌನ್ ಎನ್ನುತ್ತಿದ್ದರು. ಯಾವ ಜಮೀನು ನೋಡಿದರೂ ಇದಕ್ಕೆ ಸಾಮರ್ಥ್ಯ ಇದೆ ಅನ್ನುವುದು ಅವನ ಪಲ್ಲವಿಯಂತೆ. ಬೇಲಿ ಕಿತ್ತ, ಮರ ನೆಟ್ಟ, ನದಿಯನ್ನೂ ತಿದ್ದಿದ. ಕಿಟಕಿಯಿಂದ ನೋಡಿದವರ ಕಣ್ಣಿಗೆ ಹುಲ್ಲು, ನೀರು, ಮರಗಳ ಗುಂಪು ಬಿಟ್ಟು ಬೇರೇನೂ ಬೀಳಬಾರದು. ಹೊಲವೂ ಬೀಳಬಾರದು, ಹೊಲದವರೂ ಬೀಳಬಾರದು.

ಎಡೆನ್ಸರ್ ಎಂಬ ಹಳ್ಳಿಗೆ ಆದದ್ದೂ ಅದೇ. 1830ರ ದಶಕದ ಕೊನೆಗೆ ಆರನೆಯ ಡ್ಯೂಕ್, ಅರಮನೆಗೆ ಕಾಣುತ್ತಿದ್ದ ಮನೆಗಳನ್ನು ಕೆಡವಿಸಿ, ದಿಬ್ಬದ ಮರೆಯಲ್ಲಿ ಒಂದಕ್ಕೊಂದು ಹೋಲದ ಚೆಂದದ ಮನೆಗಳ ಹೊಸ ಊರು ಕಟ್ಟಿಸಿದ. ಹಳೆಯ ಊರಿನ ಒಂದೇ ಒಂದು ಮನೆ ಮಾತ್ರ ತನ್ನ ಗೋಡೆಯೊಳಗೆ ಇವತ್ತಿಗೂ ಪಾರ್ಕಿನ ನಡುವೆ ನಿಂತಿದೆ. ಅದರ ಬಗ್ಗೆ ಕತೆಗಳು ಹಲವು. ನನಗಂತೂ ಆ ಅರಮನೆಗಿಂತ ಆ ಒಂಟಿ ಮನೆಯೇ ಹೆಚ್ಚು ಇಷ್ಟ.

ಹೊಸ ಊರಿನ ಉಸ್ತುವಾರಿ ಹೊತ್ತವನು ಡ್ಯೂಕನ ಹೆಡ್ ಗಾರ್ಡನರ್ ಜೋಸೆಫ್ ಪ್ಯಾಕ್ಸ್‌ಟನ್. ಈತನ ಪರಿಚಯ ನಮಗೆ ಅರಿವಿಲ್ಲದೆಯೇ ಇದೆ. ಚಾಟ್ಸ್‌ವರ್ತ್‌ನಲ್ಲಿ ಗಾಜಿನ ಮನೆ ಕಟ್ಟಿ ಕೈ ಪಳಗಿಸಿಕೊಂಡೇ ಅವನು 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜು-ಕಬ್ಬಿಣದ ಪ್ರದರ್ಶನ ಭವನ ಎಬ್ಬಿಸಿದ್ದು. ಆ ಪ್ಯಾಲೇಸಿನ ಮಾದರಿ ಹಿಡಿದೇ 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು. ಇನ್ನೊಂದು ನಂಟು ತಿನ್ನುವಂಥದ್ದು. ಅವನು ಬಿಸಿಮನೆಯಲ್ಲಿ ಬೆಳೆಸಿದ ಗಿಡ್ಡ ಬಾಳೆಗೆ ಯಜಮಾನನ ಮನೆತನದ ಹೆಸರು ಅಂಟಿ ಅದು ಕ್ಯಾವೆಂಡಿಷ್ ಬಾಳೆಯಾಯಿತು. ನಮ್ಮ ಪಚ್ಚಬಾಳೆ, ಟಿಶ್ಯೂ ಕಲ್ಚರಿನ ಜಿ-9 ಎಲ್ಲ ಆ ಗುಂಪಿನವೇ.

ಈ ಡ್ಯೂಕರು ಬಾಗಿಲು ಹಾಕಿಕೊಂಡು ಕೂತವರೇನಲ್ಲ. 1849ರಲ್ಲಿ ಪಕ್ಕದ ರೌಸ್ಲಿಗೆ ರೈಲು ಬಂದ ಬೇಸಿಗೆಯಲ್ಲೇ 80,000 ಮಂದಿ ಅರಮನೆ ನೋಡಿಹೋದರು, ಬಹುಪಾಲು ಕಾರ್ಖಾನೆ ಊರುಗಳ ಜನ. ಆದರೆ ಅತಿಥಿಯಾಗಿ ಬರುವುದು ಬೇರೆ, ದಾರಿ ನನ್ನದು ಎಂದು ಬರುವುದು ಬೇರೆ. 1815ರ ಕಾನೂನೊಂದರ ಪ್ರಕಾರ ಇಬ್ಬರು ಮ್ಯಾಜಿಸ್ಟ್ರೇಟರು ‘ಈ ಕಾಲುದಾರಿ ಅನಗತ್ಯ’ ಅಂದರೆ ಸಾಕು, ದಾರಿ ಮುಚ್ಚುತ್ತಿತ್ತು. ಮ್ಯಾಜಿಸ್ಟ್ರೇಟರು ಯಾರು? ಅವರೂ ಜಮೀನ್ದಾರರೇ. ನನ್ನ ಹೊಲದ ದಾರಿ ನೀನು ಮುಚ್ಚಿಸು, ನಿನ್ನದನ್ನು ನಾನು. ಇದಕ್ಕೆ ರೋಸಿ ಮ್ಯಾಂಚೆಸ್ಟರಿನ ಪೇಟೆ ಜನ 1826ರಲ್ಲೇ ಹಳೆಯ ಕಾಲುದಾರಿಗಳನ್ನು ಉಳಿಸಲು ಸಂಘ ಕಟ್ಟಿಕೊಂಡರು.

ಅತ್ತ ಬೆಟ್ಟದ ಮೇಲೆ ಇನ್ನೊಂದು ಆಟ. ಹಿಂದೆ ಎಲ್ಲರೂ ಕುರಿ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಗುಡ್ಡಗಳು, ನಮ್ಮ ಗೋಮಾಳ ಇದ್ದ ಹಾಗೆ, ಬೇಲಿ ಕಾಯಿದೆಗಳಡಿ ಒಬ್ಬೊಬ್ಬರ ಸ್ವತ್ತಾದವು. ಅಲ್ಲಿ ಗ್ರೌಸ್ ಹಕ್ಕಿಯ ಬೇಟೆ. ಆಗಸ್ಟ್ 12ಕ್ಕೆ ಬಂದೂಕಿನ ಹಂಗಾಮು ಶುರು, ವರ್ಷವಿಡೀ ಕಾವಲು. ಚಾಟ್ಸ್‌ವರ್ತ್‌ನ ವಾಯವ್ಯಕ್ಕಿರುವ ಕಿಂಡರ್ ಸ್ಕೌಟ್ ಬೆಟ್ಟದಲ್ಲೂ ಡೆವನ್‌ಶೈರ್ ಡ್ಯೂಕರ ಬೇಟೆಯ ನೆಲ ಇತ್ತು. ವಾರವಿಡೀ ಕಾರ್ಖಾನೆಯ ಹೊಗೆ ಕುಡಿದ ಹುಡುಗರಿಗೆ ಭಾನುವಾರ ಕಾಣುವ ಬೆಟ್ಟ, ಹತ್ತಬಾರದ ಬೆಟ್ಟ.

1932ರ ಏಪ್ರಿಲ್ 24, ಭಾನುವಾರ. ಇಪ್ಪತ್ತರ ಹರೆಯದ ಬೆನ್ನಿ ರಾತ್‌ಮನ್ ಹೇಫೀಲ್ಡ್ ಹತ್ತಿರದ ಕಲ್ಲುಕ್ವಾರಿಯಲ್ಲಿ ನಿಂತು ಭಾಷಣ ಮಾಡಿದ. ಸುಮಾರು 400 ಮಂದಿ ಹಾಡುತ್ತ ಬೆಟ್ಟಕ್ಕೆ ನುಗ್ಗಿದರು, ಕಾವಲುಗಾರರ ಜೊತೆ ನೂಕಾಟವಾಯಿತು. ಕಾನೂನಿನ ತಮಾಷೆ ನೋಡಿ: ಪರರ ಜಮೀನಿಗೆ ಕಾಲಿಡುವುದು ಅಲ್ಲಿ ಅಪರಾಧವೇ ಆಗಿರಲಿಲ್ಲ, ಬರೀ ಸಿವಿಲ್ ವ್ಯಾಜ್ಯ. ಹಾಗಾಗಿ ದೊಂಬಿಯಂಥ ಆರೋಪ ಹೊರಿಸಿ ಐವರನ್ನು ಎರಡರಿಂದ ಆರು ತಿಂಗಳ ಮಟ್ಟಿಗೆ ಜೈಲಿಗೆ ಕಳಿಸಿದರು. ನಡೆಯುವವರ ಹಳೆಯ ಸಂಘಗಳ ಹಿರಿಯರಿಗೆ ಈ ಪುಂಡಾಟ ಹಿಡಿಸಿರಲಿಲ್ಲ, ಮಾತುಕತೆ ಕೆಟ್ಟೀತು ಎಂಬ ಭಯ. ಆದರೆ ಜೈಲಿನ ಸುದ್ದಿ ತಂದ ಸಿಟ್ಟು ಅವರ ಎಷ್ಟೋ ಮನವಿಪತ್ರಗಳು ತರದಿದ್ದ ಸಿಟ್ಟು.

ಅದೇ ವರ್ಷ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿತು: ಜನ ಒಂದು ದಾರಿಯಲ್ಲಿ 20 ವರ್ಷ ಅಡ್ಡಿಯಿಲ್ಲದೆ ನಡೆದಿದ್ದರೆ, ಆ ದಾರಿಯನ್ನು ಮಾಲೀಕ ಸಾರ್ವಜನಿಕರಿಗೆ ಬಿಟ್ಟುಕೊಟ್ಟನೆಂದೇ ಅರ್ಥ. ನಮ್ಮ ರೈತರಿಗೆ ಈ ಇಪ್ಪತ್ತರ ಲೆಕ್ಕ ಹೊಸತಲ್ಲ. 1882ರ ಭಾರತದ ಅನುಭೋಗದ ಹಕ್ಕಿನ ಕಾಯಿದೆಯಲ್ಲೂ, ಪಕ್ಕದವನ ಹೊಲದ ಮೂಲಕ ಓಡಾಡುವ ಹಕ್ಕಿಗೆ, 20 ವರ್ಷವೇ. ಅದು ಖಾಸಗಿ ಹಕ್ಕು, ಇದು ಸಾರ್ವಜನಿಕ. ಬೇರು ಮಾತ್ರ ಒಂದೇ.

1949ರ ಕಾಯಿದೆ ಕೌಂಟಿಗಳಿಗೆ ಕಾಲುದಾರಿಗಳ ಅಧಿಕೃತ ನಕಾಶೆ ಮಾಡಲು ಹೇಳಿತು. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಪೀಕ್ ಡಿಸ್ಟ್ರಿಕ್ಟ್ ಎಂಬ ಈ ಬೆಟ್ಟಸೀಮೆ ಘೋಷಣೆಯಾದಾಗ ಚಾಟ್ಸ್‌ವರ್ತ್ ಪಾರ್ಕು ಅದರೊಳಗೇ ಸೇರಿತು. ಅಷ್ಟರಲ್ಲಿ ಡ್ಯೂಕರ ಸ್ಥಿತಿಯೂ ಮೊದಲಿನಂತಿರಲಿಲ್ಲ. 1950ರಲ್ಲಿ ಹತ್ತನೆಯ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ಬಿದ್ದ ಮರಣ ತೆರಿಗೆ ಶೇ. 80. ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಅರಮನೆಯೇ ತೆರಿಗೆಗೆ ಹೋಯಿತು. ನೋಡಲು ಬರುವ ಜನ ಆಮೇಲೆ ಬರೀ ಅತಿಥಿಗಳಲ್ಲ, ಮನೆ ನಡೆಸುವ ಆದಾಯ.

ಹನ್ನೊಂದನೆಯ ಡ್ಯೂಕ್ ಆಂಡ್ರ್ಯೂ ಕ್ಯಾವೆಂಡಿಷ್ 1991ರಲ್ಲಿ ರಾಷ್ಟ್ರೀಯ ಉದ್ಯಾನದವರ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಗುಡ್ಡದ ನೆಲವನ್ನು ನಡೆಯುವವರಿಗೆ ತೆರೆದ. 2002ರಲ್ಲಿ, ಕಿಂಡರ್ ನುಗ್ಗಾಟದ 70ನೆಯ ವರ್ಷ, ಅದೇ ಬೆಟ್ಟದ ಬುಡದಲ್ಲಿ ನೆರೆದವರ ಎದುರು ನಿಂತು ತಾತ ಮಾಡಿದ್ದು ತಪ್ಪು ಎಂದು ಕ್ಷಮೆ ಕೇಳಿದ. ಕ್ಷಮೆ ಕೇಳುವ ಜಮೀನ್ದಾರರು ಎಷ್ಟು ಮಂದಿ ಸಿಗುತ್ತಾರೆ ಹೇಳಿ.

2000ದ ಇಸವಿಯ ಕಾಯಿದೆ ಗುಡ್ಡ, ಬಯಲು, ಗೋಮಾಳದಂಥ ಕಾಮನ್ ಜಮೀನುಗಳಲ್ಲಿ ದಾರಿ ಬಿಟ್ಟೂ ಅಲೆಯುವ ಹಕ್ಕು ಕೊಟ್ಟಿತು. ಆದರೆ ಅದರ ವಿನಾಯಿತಿ ಪಟ್ಟಿಯಲ್ಲಿ ಒಂದು ಸಣ್ಣ ಸಾಲಿದೆ: ಪಾರ್ಕ್ ಅಥವಾ ತೋಟವಾಗಿ ಬಳಕೆಯಲ್ಲಿರುವ ನೆಲಕ್ಕೆ ಇದು ಅನ್ವಯಿಸದು. ಜೈಲಿಗೆ ಹೋಗಿ ಗೆದ್ದ ಬೆಟ್ಟದಲ್ಲಿ ಹಕ್ಕು. ಬ್ರೌನ್ ಹಾಸಿದ ಹುಲ್ಲಿನಲ್ಲಿ, ಅಧಿಕೃತ ಕಾಲುದಾರಿಯ ಗೆರೆ ಬಿಟ್ಟರೆ, ಈಗಲೂ ಅನುಮತಿ. ಸ್ಕಾಟ್ಲೆಂಡ್ 2003ರ ಕಾಯಿದೆಯಲ್ಲಿ ಇದಕ್ಕಿಂತ ಎಷ್ಟೋ ಧಾರಾಳಿಯಾಯಿತು.

ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ನಕಾಶೆ ಸಂಸ್ಥೆಯ ದೊಡ್ಡ ಅಳತೆಯ ನಕಾಶೆ ಬಿಡಿಸಿದರೆ ಈ ವ್ಯತ್ಯಾಸ ಬಣ್ಣದಲ್ಲೇ ಇದೆ. ಹಸಿರು ತುಂಡುಗೆರೆ ಹಕ್ಕಿನ ದಾರಿ, ಕಿತ್ತಳೆ ಗೆರೆ ಮಾಲೀಕ ಬಿಟ್ಟುಕೊಟ್ಟ ದಾರಿ. ಕಿತ್ತಳೆ ಗೆರೆಯ ದಾರಿಗೆ ವರ್ಷಕ್ಕೊಂದು ದಿನ ಬೀಗ ಹಾಕುವ ಮಾಲೀಕರು ಇಂಗ್ಲೆಂಡಿನಲ್ಲಿ ಬೇಕಾದಷ್ಟಿದ್ದಾರೆ, 20 ವರ್ಷದ ಲೆಕ್ಕ ಶುರುವೇ ಆಗದಿರಲಿ ಎಂದು.

ಅಧಿಕೃತ ನಕಾಶೆಗೆ ಹತ್ತದೆ ಉಳಿದ ಹಳೆಯ ದಾರಿಗಳನ್ನು ನಮೂದಿಸಲು ಸರ್ಕಾರ ಮೊದಲು 2026, ಆಮೇಲೆ 2031 ಎಂಬ ಗಡುವು ಇಟ್ಟಿತ್ತು. ಅದನ್ನು ತೆಗೆದುಹಾಕುತ್ತೇವೆ ಎಂದು 2024ರ ಡಿಸೆಂಬರಿನಲ್ಲಿ ಹೇಳಿತು. ಗಡುವಿನ ಭಯಕ್ಕೆ ಊರೂರಿನ ಸ್ವಯಂಸೇವಕರು ದಾಖಲೆಕೋಣೆಗಳಲ್ಲಿ ಕೂತು ಇನ್ನೂರು ವರ್ಷದ ಹಿಂದಿನ ಬೇಲಿ ನಕಾಶೆಗಳ ಮೇಲೆ ಭೂತಗನ್ನಡಿ ಓಡಿಸುತ್ತಿದ್ದರು, ನಮ್ಮಲ್ಲಿ ಗ್ರಾಮ ನಕಾಶೆಯ ಜೆರಾಕ್ಸ್ ಹಿಡಿದು ತಹಶೀಲ್ದಾರರ ಮುಂದೆ ‘ಇಲ್ನೋಡಿ ಸ್ವಾಮಿ, ಇಲ್ಲಿ ಚುಕ್ಕೆ ಗೆರೆ ಐತೆ’ ಅನ್ನುವವರ ಹಾಗೆಯೇ.