ಜಾಮೀನು ಸಿಕ್ಕಿದೆ, ಪಹಣಿ ಸಿಕ್ಕಿಲ್ಲ

ಅಂಕೋಲೆಯ ಒಳಭಾಗದಿಂದ ಬಂದಿದ್ದ ತಾಯಿಯೊಬ್ಬರು ಕಾರವಾರ ನ್ಯಾಯಾಲಯದ ಮೆಟ್ಟಿಲ ಮೇಲೆ ಕುಳಿತು ಪ್ಲಾಸ್ಟಿಕ್ ಚೀಲ ಬಿಚ್ಚಿದರು. ರೇಷನ್ ಕಾರ್ಡ್, ಆಧಾರ್, ಮನೆ ತೆರಿಗೆಯ ರಸೀದಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಟ್ಟಿದ್ದ ಅರ್ಜಿಯ ಮಾಸಿದ ಪ್ರತಿ. ಒಂದೊಂದನ್ನೂ ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. ಇಪ್ಪತ್ತೆರಡರ ಮಗನಿಗೆ ಜಾಮೀನು ಮಂಜೂರಾಗಿ ಹನ್ನೊಂದು ದಿನ ಕಳೆದಿತ್ತು. ಹುಡುಗ ಇನ್ನೂ ಒಳಗೇ ಇದ್ದ. ಚೀಲದಲ್ಲಿ ಇಲ್ಲದ ಕಾಗದ ಒಂದೇ: ಪಹಣಿ.

ನಮ್ಮ ಜಿಲ್ಲೆಯ ಬಹುಪಾಲು ಕಾಡು. ಅಜ್ಜನ ಕಾಲದಿಂದ ಉತ್ತ ಗದ್ದೆಯೂ ದಾಖಲೆಯಲ್ಲಿ ಅರಣ್ಯ, ಉಳುವವರು ಅತಿಕ್ರಮಣದಾರರು. ಮೀನುಗಾರರ ಕೇರಿಗಳಲ್ಲಿ ದೋಣಿಯಲ್ಲಿ ಪಾಲಿರುತ್ತದೆ, ಭೂಮಿ ಇರುವುದಿಲ್ಲ. ಹೀಗಾಗಿ ನ್ಯಾಯಾಧೀಶರ ಸಹಿ ಬಿದ್ದ ಮೇಲೂ ಜೈಲಿನ ಬಾಗಿಲು ತೆರೆಯಲು ಜಾಮೀನುದಾರರಾಗಿ ನಿಲ್ಲುವ ಮತ್ತೊಬ್ಬರ ಪಹಣಿಯೇ ಬೇಕಾಗುತ್ತದೆ. ವಕೀಲರು ಸಿಗುತ್ತಾರೆ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಉಚಿತ ವಕೀಲರನ್ನು ಕೊಡುತ್ತದೆ. 15100ಕ್ಕೆ ಕರೆ ಮಾಡಿದರೂ ಸಾಕು. ಜಾಮೀನುದಾರರನ್ನು ಮಾತ್ರ ಊರೇ ಕೊಡಬೇಕು.

ಊರಿನಲ್ಲಿ ಕೇಳಿದರೆ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ: "ಹುಡುಗ ಪಾಪದವನೇ. ಆದರೆ ಓಡಿಹೋದರೆ ನನ್ನ ತೋಟ ಹೋಗುತ್ತದಲ್ಲ ವಕೀಲರೇ?" ಹಾಗೆ ರಾತ್ರೋರಾತ್ರಿ ತೋಟ ಹೋಗುವುದಿಲ್ಲ. ನೀವು ಬರೆದುಕೊಡುವುದು ಆರೋಪಿ ಕರೆದ ದಿನ ಹಾಜರಾಗುತ್ತಾನೆ ಎಂಬ ಮುಚ್ಚಳಿಕೆ. ಅದರಲ್ಲಿ ಒಂದು ಮೊತ್ತ ನಮೂದಾಗಿರುತ್ತದೆ, ನಿಮ್ಮ ಹೊಣೆ ಆ ಮೊತ್ತಕ್ಕೆ ಸೀಮಿತ. ಅವನು ತಪ್ಪಿಸಿಕೊಂಡರೆ ನ್ಯಾಯಾಲಯ ನಿಮಗೆ ನೋಟಿಸ್ ಕೊಟ್ಟು ಕಾರಣ ಕೇಳುತ್ತದೆ. ದಂಡವೆಂದು ವಸೂಲಿ ಮಾಡುವ ಹಣದಲ್ಲಿ ಒಂದು ಭಾಗವನ್ನು ಬಿಟ್ಟುಕೊಡುವ ಅಧಿಕಾರವೂ ಅದಕ್ಕಿದೆ. ನಡುವೆ ನಂಬಿಕೆ ಹೋಯಿತೆಂದರೆ ಅರ್ಜಿ ಹಾಕಿ ಹೊಣೆಯಿಂದ ಹೊರಬರಬಹುದು. ಅಪಾಯ ಇಲ್ಲವೆಂದು ಹೇಳಲಾರೆ. ಆದರೆ ಸೊಸೈಟಿಯ ಸಾಲಕ್ಕೆ ಪಕ್ಕದ ಮನೆಯವನ ಪರವಾಗಿ ಕಣ್ಣು ಮುಚ್ಚಿ ಸಹಿ ಹಾಕುವವರು ಇಲ್ಲಿ ಬೆವರುವುದು ನೋಡಿದರೆ, ಹೆದರಿಕೆ ಹಣದ್ದಲ್ಲ, ಜೈಲೆಂಬ ಶಬ್ದದ್ದು ಎನಿಸುತ್ತದೆ.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ಕುಟುಂಬದವರು ತಿಳಿದಿರಬೇಕು. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಈ ಹುಡುಗನ ವಿಷಯ ನನ್ನ ಮೇಜಿಗೆ ಬಂದದ್ದೂ ಹಾಗೆಯೇ. ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಬಿಡುಗಡೆಯನ್ನು ತಡಮಾಡುತ್ತದೆ, ಅದನ್ನು ಹಾಕದಿರುವುದು ಒಳ್ಳೆಯದು ಎಂದೂ ಅದರಲ್ಲಿದೆ. ಬಡ ಕೈದಿಗಳಿಗೆ ನೆರವಾಗುವ ಕೇಂದ್ರದ ಯೋಜನೆಯಡಿ ವಿಚಾರಣಾಧೀನರಿಗೆ ಜಾಮೀನಿಗೆ ಹಣ ಸಿಗುತ್ತದೆ, ಮಾದಕ ವಸ್ತು ಮತ್ತಿತರ ಕೆಲವು ಪ್ರಕರಣಗಳನ್ನು ಬಿಟ್ಟು. ಗಾಂಜಾ ಪ್ರಕರಣದ ಹುಡುಗರ ತಾಯಂದಿರಿಗೆ ಇದನ್ನು ಹೇಳುವಾಗ ನನ್ನ ದನಿ ತಗ್ಗುತ್ತದೆ.

ಇನ್ನು ಮನೆಯಲ್ಲಿ ಉಳಿದ ಮಕ್ಕಳು. ಅಪ್ಪ ಎಲ್ಲಿ ಎಂದು ಕೇಳಿದರೆ ಕರಾವಳಿಯಲ್ಲಿ ಸಿದ್ಧ ಉತ್ತರವೊಂದಿದೆ: ಗೋವಾಕ್ಕೆ ಕೆಲಸಕ್ಕೆ ಹೋಗಿದ್ದಾರೆ. ನಂಬುವಂಥ ಸುಳ್ಳು, ಅರ್ಧ ಕೇರಿ ನಿಜವಾಗಿಯೂ ಗೋವಾದಲ್ಲಿ ದುಡಿಯುತ್ತದೆ. ಆದರೆ ಚೌತಿಗೆ ಗೋವಾದವರೆಲ್ಲ ಊರಿಗೆ ಬರುತ್ತಾರೆ. ಗಣಪತಿ ಕೂರಿಸಿದ ಮನೆಯಲ್ಲಿ ಅಪ್ಪನಿಲ್ಲದ ಮಗುವಿಗೆ ಅಂದೇ ಎಲ್ಲವೂ ತಿಳಿಯುತ್ತದೆ, ಹೆಚ್ಚಾಗಿ ಓರಗೆಯ ಮಕ್ಕಳ ಬಾಯಿಂದ. ಮನೆಯವರೇ ಮೊದಲು ಹೇಳಿಬಿಡುವುದು ಲೇಸು: "ಅಪ್ಪ ಜೈಲಿನಲ್ಲಿದ್ದಾರೆ, ನೀನೇನೂ ತಪ್ಪು ಮಾಡಿಲ್ಲ, ಶಾಲೆಗೆ ಹೋಗು." ಶಿಕ್ಷಕರಲ್ಲಿ ಒಬ್ಬರಿಗೆ ತಿಳಿದಿದ್ದರೆ ಸಾಕು, ಇಡೀ ಶಾಲೆಗೆ ಬೇಕಾಗಿಲ್ಲ. ದುಡಿಯುವವರು ಒಳಗಿದ್ದು ಮನೆ ನಡೆಯದಂತಾಗಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಿ. ಅರ್ಹರೆಂದು ಒಪ್ಪಿದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಅರ್ಜಿ ಬರೆದುಕೊಡಲು ಅಂಗನವಾಡಿಯವರನ್ನು ಕೇಳಬಹುದು.

ಹದಿನೆಂಟು ತುಂಬದ ಹುಡುಗನೇ ಸಿಕ್ಕಿಬಿದ್ದಿದ್ದರೆ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅವನ ಹೆಸರು, ಚಿತ್ರ ಬಯಲು ಮಾಡುವುದೇ ಅಪರಾಧ. ಊರಿನ ವಾಟ್ಸ್‌ಆ್ಯಪ್ ಗುಂಪಿನ ಹಿರಿಯರು ಇದನ್ನು ಎರಡು ಸಲ ಓದಲಿ.

ಭೇಟಿಯ ಮಾತು. ಶಿರಸಿ, ಸಿದ್ದಾಪುರದ ಕಡೆಯಿಂದ ಕಾರವಾರದ ಜಿಲ್ಲಾ ಕಾರಾಗೃಹಕ್ಕೆ ಬರುವ ಹೆಂಗಸರಿಗೆ ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿದಿದೆ. ಆದರೆ ಘಟ್ಟ ಇಳಿದು ಹತ್ತುವುದರಲ್ಲಿ ದಿನದ ಕೂಲಿ ಹೋಗುತ್ತದೆ, ಕಂಕುಳ ಕೂಸು ಹೈರಾಣಾಗುತ್ತದೆ. ಆ ಒಂದು ದಿನ ಕೂಸನ್ನು ನೋಡಿಕೊಳ್ಳುತ್ತೇನೆ ಎನ್ನುವ ನೆರೆಮನೆಯವರಿದ್ದರೆ ಅದಕ್ಕಿಂತ ದೊಡ್ಡ ಸಹಾಯ ನನಗೆ ತಿಳಿದಿಲ್ಲ.

ಅಂಕೋಲೆಯ ಆ ತಾಯಿಗೆ ಪಹಣಿ ಕೊಡಲು ಕೊನೆಗೆ ಒಪ್ಪಿದವರು ದನ ಬೇಲಿ ಮುರಿಯಿತೆಂದು ಅವರೊಡನೆ ಮಾತು ಬಿಟ್ಟಿದ್ದ ಪಕ್ಕದ ಮನೆಯವರು. ಬಂದರು, ಫೋಟೊ ತಂದಿರಲಿಲ್ಲ. ಸ್ಟುಡಿಯೊ ಹುಡುಕಿ ತೆಗೆಸಿಕೊಂಡು ಬರುವಷ್ಟರಲ್ಲಿ ನ್ಯಾಯಾಲಯದ ಹೊತ್ತು ಮುಗಿದಿತ್ತು. ಯಾರಿಗೋ ಬೈದುಕೊಳ್ಳುತ್ತ ಬಸ್ ನಿಲ್ದಾಣದ ಕಡೆ ನಡೆದರು. ಇನ್ನು ಇವರು ಬರುವುದಿಲ್ಲ ಎಂದುಕೊಂಡೆ. ಮರುದಿನ ಹತ್ತೂವರೆಗೆ, ನನಗಿಂತ ಮೊದಲೇ, ಅದೇ ಮೆಟ್ಟಿಲ ಮೇಲೆ ಕುಳಿತಿದ್ದರು.